ಎದೆನೋವಿಗೆ ಜಾಗವಿಲ್ಲದ ಪಟ್ಟಿ: ‘ಪಿಟಿಎಸ್‌ಡಿ ಕೋಚ್’ ಆ್ಯಪನ್ನು ಹತ್ತು ತಿಂಗಳು ಬಳಸಿದ ಮೇಲೆ

‘ಪಿಟಿಎಸ್‌ಡಿ ಕೋಚ್’ ಎಂಬ ಮೊಬೈಲ್ ಆ್ಯಪನ್ನು ನಾನು ಹತ್ತು ತಿಂಗಳಿನಿಂದ ಬಳಸುತ್ತಿದ್ದೇನೆ. ಪಿಟಿಎಸ್‌ಡಿ ಎಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಭೀಕರ ಘಟನೆಯೊಂದು ಮುಗಿದ ಮೇಲೂ ಅದರ ಭಯ ಬಿಡದೆ ಕಾಡುವ ಸ್ಥಿತಿ. ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ ಸೇರಿದ ರಾಷ್ಟ್ರೀಯ ಪಿಟಿಎಸ್‌ಡಿ ಕೇಂದ್ರವು ಅಲ್ಲಿನ ರಕ್ಷಣಾ ಇಲಾಖೆಯ ಜೊತೆಗೂಡಿ 2011ರಲ್ಲಿ ಇದನ್ನು ಹೊರತಂದಿತು. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಹೆಸರು ಹೇಳಬೇಕಿಲ್ಲ, ನಡುನಡುವೆ ಜಾಹೀರಾತು ಬಂದು ಕಾಡುವುದಿಲ್ಲ. ಯುದ್ಧದಿಂದ ಮರಳಿದ ಸೈನಿಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಸಾಧನವೊಂದನ್ನು ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನು ವಿಮರ್ಶಿಸುವುದು ವಿಚಿತ್ರವೆನಿಸಬಹುದು. ಆದರೆ ಇದರ ಗುಣವೂ ಕೊರತೆಯೂ ನನಗೆ ತಿಳಿದದ್ದು ಎದೆ, ಹೊಟ್ಟೆ, ದವಡೆ ಮತ್ತು ಬೆರಳ ತುದಿಗಳ ಮೂಲಕ. ನಮ್ಮ ಕಡೆಯ ಹಲವು ರೋಗಿಗಳಿಗೆ ಆಘಾತದ ಅನುಭವ ಬರುವುದೂ ಆ ದಾರಿಯಲ್ಲಿಯೇ ಎಂಬ ಕಾರಣಕ್ಕೆ ಈ ಬರಹ ಯಾರಿಗಾದರೂ ಉಪಯೋಗವಾದೀತು ಎಂದುಕೊಂಡಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ, ಆಷಾಢದ ಒಂದು ಸಂಜೆ, ಮಂಗಳೂರಿನಿಂದ ಮರಳುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಹತ್ತುತ್ತಿದ್ದೆವು. ಮುಂದಿದ್ದ ಲಾರಿಯೊಂದು ಏರಿನಲ್ಲಿ ಹಿಂದಕ್ಕೆ ಜಾರಿ ನಮ್ಮ ಕಾರನ್ನು ತಡೆಗೋಡೆಗೆ ಒತ್ತಿ ನಿಲ್ಲಿಸಿತು. ಚಾಲಕರ ಕಾಲು ಸಿಕ್ಕಿಕೊಂಡಿತ್ತು. ಅವರನ್ನು ಬಿಡಿಸುವ ತನಕ, ಸುಮಾರು ಒಂದೂವರೆ ಗಂಟೆ, ನಾನು ಅವರ ಪಕ್ಕದ ಆಸನದಲ್ಲಿ ಅಲುಗಾಡಲಾಗದೆ ಕುಳಿತಿದ್ದೆ. ಅವರ ಕಾಲು ಕೂಡಿಕೊಂಡಿತು, ಈಗ ಮತ್ತೆ ಕಾರು ಓಡಿಸುತ್ತಾರೆ. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಎದೆಯ ಎಡಭಾಗ ಹಿಡಿದುಕೊಳ್ಳತೊಡಗಿತು. ಬೆಳಗಿನ ಹೊತ್ತು ಹೊಟ್ಟೆಯೊಳಗೆ ಕಿವುಚಿದಂತಾಗಿ ಮೂರು ನಾಲ್ಕು ಸಲ ಕಕ್ಕಸಿಗೆ ಓಡಬೇಕಾಗುತ್ತಿತ್ತು. ಬೆರಳುಗಳು ಜೋಮು ಹಿಡಿಯುತ್ತಿದ್ದವು. ಬೆಳಗ್ಗೆ ಎದ್ದಾಗ ದವಡೆ ನೋಯುತ್ತಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಎಂದು ದಂತವೈದ್ಯರು ಹೇಳಿದರು. ಇಸಿಜಿ, ಎಕೋ, ಟ್ರೆಡ್‌ಮಿಲ್, ಎಂಡೋಸ್ಕೋಪಿ ಎಲ್ಲವೂ ಮುಗಿದವು, ಎಲ್ಲದರಲ್ಲೂ ‘ನಾರ್ಮಲ್’ ಎಂದು ಬಂತು. ಒಂದು ಆಸ್ಪತ್ರೆಯಲ್ಲಿ ಗ್ಯಾಸ್ಟ್ರಿಕ್ ಎಂದರು, ಇನ್ನೊಂದರಲ್ಲಿ ಟೆನ್ಷನ್ ಎಂದರು. ಮತ್ತೊಂದು ಕಡೆ ಐದು ತಿಂಗಳು ನಿದ್ದೆಮಾತ್ರೆ ನುಂಗಿದೆ. ಇಷ್ಟೂ ಕಡೆಗಳಲ್ಲಿ ಅಪಘಾತವಾಗಿತ್ತೇ ಎಂದು ಯಾರೂ ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ, ಏಕೆಂದರೆ ಘಾಟಿಯಲ್ಲಿ ನೋವಾದದ್ದು ಚಾಲಕರ ಕಾಲಿಗೇ ಹೊರತು ನನ್ನ ಎದೆಗಲ್ಲ. ನಮ್ಮ ಅಮ್ಮ ಮಾತ್ರ ಮೊದಲ ವಾರದಲ್ಲೇ, “ನಿಂಗೆ ಹೆದ್ರಿಕೆ ಕೂತ್ಕೊಂಡೈತೆ ಕಣಪ್ಪ, ಒಂದು ತಾಯಿತ ಕಟ್ಟಿಸ್ಕೊಂಡು ಬಾ” ಎಂದಿದ್ದರು. ತಾಯಿತದ ಮಾತು ಹಾಗಿರಲಿ, ‘ಮೈಯಲ್ಲಿ ಹೆದರಿಕೆ ಕೂರುವುದು’ ಎಂಬ ಅವರ ರೋಗನಿರ್ಣಯವು ನಾನು ಹಣ ಕೊಟ್ಟು ಪಡೆದ ಮೂರು ಅಭಿಪ್ರಾಯಗಳಿಗಿಂತ ಸತ್ಯಕ್ಕೆ ಹತ್ತಿರವಿತ್ತು. ಕೊನೆಗೆ ಒಬ್ಬ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಗುರುತಿಸಿದರು. ಚಿಕಿತ್ಸೆ ಆರಂಭಿಸುವಾಗ, ಎರಡು ಭೇಟಿಗಳ ನಡುವಿನ ದಿನಗಳಿಗೆ ಒದಗಲಿ ಎಂದು ಈ ಆ್ಯಪನ್ನು ಹಾಕಿಸಿಕೊಟ್ಟರು.

ಆ್ಯಪಿನಲ್ಲಿ ನಾಲ್ಕು ವಿಭಾಗಗಳಿವೆ. ಒಂದು ಕಾಯಿಲೆಯ ಕುರಿತು ತಿಳಿವಳಿಕೆ ಕೊಡುತ್ತದೆ, ಇನ್ನೊಂದು ಲಕ್ಷಣಗಳನ್ನು ಅಳೆದು ದಾಖಲಿಸುತ್ತದೆ, ಮೂರನೆಯದು ಆ ಕ್ಷಣದ ಸಂಕಟವನ್ನು ನಿಭಾಯಿಸಲು ನೆರವಾಗುತ್ತದೆ, ನಾಲ್ಕನೆಯದು ಸಹಾಯಕ್ಕೆ ಯಾರನ್ನು ಕರೆಯಬೇಕೆಂದು ತಿಳಿಸುತ್ತದೆ. ತಿಳಿವಳಿಕೆಯ ಭಾಗದ ಇಂಗ್ಲಿಷ್ ಸರಳವಾಗಿದೆ, ಪುಟಗಳು ಚಿಕ್ಕವು. ನಾಲ್ಕನೆಯ ವಿಭಾಗದಲ್ಲಿರುವ ಸಹಾಯವಾಣಿಗಳು ಅಮೆರಿಕದವಾದ್ದರಿಂದ ನಮಗೆ ಉಪಯೋಗವಿಲ್ಲ. ಆದರೆ ನಮ್ಮದೇ ಸಂಪರ್ಕಗಳನ್ನು ಸೇರಿಸಿಕೊಳ್ಳಲು ಅವಕಾಶವಿದೆ. ನಾನು ತಂಗಿಯ ಸಂಖ್ಯೆಯನ್ನೂ ನಮ್ಮ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಅನ್ನೂ ಹಾಕಿಟ್ಟುಕೊಂಡಿದ್ದೇನೆ. ಇವೆರಡನ್ನೂ ಇಷ್ಟಕ್ಕೆ ಬಿಡುತ್ತೇನೆ. ವಿಮರ್ಶೆಗೆ ನಿಜವಾದ ಸರಕಿರುವುದು ಅಳತೆಯ ವಿಭಾಗದಲ್ಲಿ ಮತ್ತು ನಿಭಾಯಿಸುವ ವಿಭಾಗದಲ್ಲಿ.

ಅಳತೆಗೆ ಬಳಸುವುದು ವೈದ್ಯರು ‘ಪಿಸಿಎಲ್-5’ ಎಂದು ಕರೆಯುವ ಪ್ರಶ್ನಾವಳಿಯನ್ನು. ಅದರಲ್ಲಿ 20 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಿನಲ್ಲಿ ಪ್ರತಿಯೊಂದು ತೊಂದರೆ ಎಷ್ಟು ಕಾಡಿತೆಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಬೇಕು, ಒಟ್ಟು 80. ಸಾಮಾನ್ಯವಾಗಿ 31ರಿಂದ 33ರ ಆಸುಪಾಸು ದಾಟಿದರೆ ವೈದ್ಯರು ವಿವರವಾಗಿ ಪರೀಕ್ಷಿಸುತ್ತಾರೆ. ಕೇವಲ ಅಂಕ ನೋಡಿ ಕಾಯಿಲೆಯಿದೆ ಎಂದು ತೀರ್ಮಾನಿಸುವಂತಿಲ್ಲ. ಮೊದಲ ಸಲ ನನಗೆ ಬಂದದ್ದು 47. ಪ್ರಶ್ನೆಗಳನ್ನು ಓದುತ್ತಾ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಐದನೆಯದು. ಆದ ಘಟನೆಯನ್ನು ಯಾವುದಾದರೂ ನೆನಪಿಸಿದಾಗ ಎದೆ ಹೊಡೆದುಕೊಳ್ಳುವುದು, ಉಸಿರಾಟ ಕಷ್ಟವಾಗುವುದು, ಬೆವರುವುದು ಮುಂತಾದ ಬಲವಾದ ದೈಹಿಕ ಪ್ರತಿಕ್ರಿಯೆಗಳು ಆಗುತ್ತವೆಯೇ ಎಂದು ಅದು ಕೇಳುತ್ತದೆ. ಎದೆನೋವಿಗೂ ಶಿರಾಡಿಗೂ ಸಂಬಂಧವಿರಬಹುದೆಂದು ನನಗೆ ಮೊದಲು ಹೊಳೆದದ್ದು ವೈದ್ಯರ ಕೋಣೆಯಲ್ಲಿ ಅಲ್ಲ, ಈ ಒಂದು ಸಾಲಿನ ಎದುರು. ಅಂದಿನಿಂದ ಎದೆ ಹಿಡಿದಾಗಲೆಲ್ಲ ಆ ಗಳಿಗೆಯಲ್ಲಿ ಸುತ್ತಮುತ್ತ ಏನಿತ್ತು ಎಂದು ಬರೆದಿಡತೊಡಗಿದೆ. ಎರಡೇ ವಾರಗಳಲ್ಲಿ ಗೋಡಂಬಿ ಬಿಡಿಸಿಟ್ಟಷ್ಟು ಸ್ಪಷ್ಟವಾಗಿ ಉತ್ತರ ಕಂಡಿತು. ನಮ್ಮ ಗೋದಾಮಿನ ಅಂಗಳಕ್ಕೆ ಕಾಫಿ ಮೂಟೆ ತರುವ ಲಾರಿಗಳು ನಿಲ್ಲುವಾಗ ಬ್ರೇಕಿನ ಗಾಳಿ ಬಿಡುವ ‘ಟುಸ್’ ಎಂಬ ಸದ್ದು, ಮತ್ತು ಮಳೆಯಲ್ಲಿ ನೆನೆದ ಡೀಸೆಲ್ ವಾಸನೆ. ಗಡಿಯಾರ ನೋಡಿಕೊಂಡು ಬರುತ್ತಿದ್ದ ಗ್ಯಾಸ್ಟ್ರಿಕ್ ನಿಜಕ್ಕೂ ಲಾರಿಗಳ ವೇಳಾಪಟ್ಟಿಯನ್ನು ಅನುಸರಿಸುತ್ತಿತ್ತು.

ಆದರೆ ಇದೇ ಪ್ರಶ್ನಾವಳಿಯ ಬಗ್ಗೆ ನನ್ನ ತಕರಾರೂ ಇದೆ. ಇಪ್ಪತ್ತರಲ್ಲಿ ದೇಹವನ್ನು ನೇರವಾಗಿ ವಿಚಾರಿಸುವುದು ಆ ಒಂದೇ ಪ್ರಶ್ನೆ. ಬೆಚ್ಚಿಬೀಳುವುದನ್ನೂ ನಿದ್ದೆಗೇಡನ್ನೂ ಸೇರಿಸಿಕೊಂಡರೆ ಮೂರು. ತಲೆನೋವು, ಹೊಟ್ಟೆಯ ಸಂಕಟ, ಬೆನ್ನು ಮತ್ತು ಕುತ್ತಿಗೆಯ ಬಿಗಿತ, ಕಾರಣ ತಿಳಿಯದ ಸುಸ್ತು, ಕೈಕಾಲಿನ ಜೋಮು, ಇವು ಯಾವುವೂ ಇಲ್ಲ. ನಿಭಾಯಿಸುವ ವಿಭಾಗಕ್ಕೆ ಹೋದರೆ ಅಲ್ಲಿಯೂ ಇದೇ ಕಥೆ. ಆ ಹೊತ್ತಿನ ತೊಂದರೆ ಯಾವುದೆಂದು ಆರಿಸಿಕೊಳ್ಳಲು ಒಂದು ಪಟ್ಟಿಯಿದೆ: ಘಟನೆಯ ನೆನಪು ಬಂದಿದೆ, ಆತಂಕವಾಗಿದೆ, ಸಿಟ್ಟು ಬಂದಿದೆ, ದುಃಖವಾಗಿದೆ, ಜನರಿಂದ ದೂರವಾದಂತಿದೆ, ನಿದ್ದೆ ಬರುತ್ತಿಲ್ಲ, ಹೀಗೆ. ಎದೆ ಹಿಡಿದಿದೆ ಎಂದು ಒತ್ತಲು ಗುಂಡಿಯಿಲ್ಲ. ಮೊದಲ ಕೆಲವು ವಾರ ಸಂಕಟದ ನಡುವೆ ಮೊಬೈಲನ್ನು ಹಿಡಿದುಕೊಂಡು, ನನಗೆ ಆತಂಕವಾಗಿದೆಯೋ ಸಿಟ್ಟು ಬಂದಿದೆಯೋ ಎಂದು ಲೆಕ್ಕ ಹಾಕುತ್ತಾ ಕುಳಿತಿದ್ದೇನೆ. ನನಗೆ ಗೊತ್ತಿದ್ದದ್ದು ಒಂದೇ, ಎದೆಯ ಮೇಲೆ ಕಾಫಿ ಮೂಟೆ ಇಟ್ಟಂತಾಗಿದೆ ಎಂಬುದು.

ಈ ಕೊರತೆ ವಿಪರ್ಯಾಸವೆನಿಸುವುದಕ್ಕೆ ಕಾರಣವಿದೆ. ಈ ಕಾಯಿಲೆಯ ವೈದ್ಯಕೀಯ ಚರಿತ್ರೆಯ ಒಂದು ಮುಖ್ಯ ಎಳೆ ಆರಂಭವಾಗುವುದೇ ಅಮೆರಿಕದ ಸೈನಿಕರ ಎದೆಯಿಂದ. ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿದ ಸುಮಾರು 300 ಸೈನಿಕರನ್ನು ಪರೀಕ್ಷಿಸಿದ ಜೇಕಬ್ ಮೆಂಡೆಸ್ ಡ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎದೆ ಬಡಿತ, ಎದೆನೋವು, ಉಸಿರುಗಟ್ಟುವಿಕೆ, ಅತಿಯಾದ ಸುಸ್ತು ಇವರಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುತ್ತಿದ್ದವು. ಹೃದಯದಲ್ಲಿ ರಚನೆಯ ದೋಷವೇನೂ ಸಿಗದ ಈ ಸ್ಥಿತಿಯನ್ನು ಅವರು ‘ಕೆರಳಿದ ಹೃದಯ’ ಎಂಬರ್ಥದ ಹೆಸರಿನಿಂದ ಕರೆದರು. ಮುಂದೆ ಅದಕ್ಕೆ ‘ಸೈನಿಕನ ಹೃದಯ’ ಎಂಬ ಹೆಸರೂ ಬಂತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ‘ಶೆಲ್ ಶಾಕ್’ ಎಂದರು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯನ್ನು ಸೇರಿದ್ದು 1980ರಲ್ಲಿ. ನೂರು ವರ್ಷಗಳಲ್ಲಿ ಹೆಸರು ಹೃದಯದಿಂದ ನರಗಳಿಗೆ, ನರಗಳಿಂದ ಮನಸ್ಸಿಗೆ ಏರುತ್ತಾ ಹೋಯಿತು, ಎದೆನೋವು ಮಾತ್ರ ಇದ್ದಲ್ಲಿಯೇ ಉಳಿಯಿತು.

ಅದು ಏಕೆ ಅಲ್ಲಿಯೇ ಉಳಿಯುತ್ತದೆ ಎಂಬುದನ್ನು ಆ್ಯಪಿನ ತಿಳಿವಳಿಕೆಯ ಪುಟಗಳಿಗಿಂತ ನನ್ನ ವೈದ್ಯರು ಚೆನ್ನಾಗಿ ವಿವರಿಸಿದರು. ಅಪಾಯ ಕಂಡಾಗ ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗ ಎಚ್ಚರಿಕೆ ಕೊಡುತ್ತದೆ. ನಮ್ಮ ಇಚ್ಛೆಗೆ ಒಳಪಡದ ನರಮಂಡಲ ಕೂಡಲೇ ಕೆಲಸಕ್ಕಿಳಿದು ಅಡ್ರಿನಲಿನ್ ಹರಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ರಕ್ತ ಹೊಟ್ಟೆಯ ಕಡೆಯಿಂದ ತೋಳು ತೊಡೆಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ, ಕುತ್ತಿಗೆ ಮತ್ತು ದವಡೆ ಬಿಗಿಯುತ್ತವೆ. ಓಡಲು ಅಥವಾ ಕಾದಾಡಲು ಬೇಕಾದ ಸಿದ್ಧತೆ ಇದು. ಅಪಾಯ ಕಳೆದ ಮೇಲೆ ಎಲ್ಲವೂ ಇಳಿಯಬೇಕು. ಈ ಕಾಯಿಲೆಯಲ್ಲಿ ಅದು ಪೂರ್ತಿ ಇಳಿಯುವುದಿಲ್ಲ, ಮತ್ತು ಅಪಾಯಕ್ಕೆ ಎಳ್ಳಷ್ಟು ಹೋಲುವ ಸದ್ದು ವಾಸನೆಗಳಿಗೂ ಪುನಃ ಏರುತ್ತದೆ. ಸದಾ ಬಿಗಿದ ಸ್ನಾಯು ನೋಯುತ್ತದೆ, ಅದು ಎದೆಗೂಡಿನ ಸ್ನಾಯುವಾದರೆ ಹೃದಯವೇ ನೊಂದಂತಾಗುತ್ತದೆ. ಗಾಬರಿಯಲ್ಲಿ ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ತಗ್ಗಿ ಬೆರಳು ಮತ್ತು ತುಟಿಯ ಸುತ್ತ ಜೋಮು ಹಿಡಿಯುತ್ತದೆ, ತಲೆ ಸುತ್ತುತ್ತದೆ. ನನ್ನ ಬೆರಳ ಜೋಮಿಗೆ ಬಿ12 ಇಂಜೆಕ್ಷನ್ ಕೊಟ್ಟದ್ದು ನೆನಪಾಗಿ ಆಗ ನಗು ಬಂತು. ಕನ್ನಡದಲ್ಲಿ ಹೆದರಿಕೆಯನ್ನು ಹೇಳಲು ನಮಗಿರುವ ಮಾತುಗಳನ್ನೇ ನೋಡಿ: ಕೈಕಾಲು ತಣ್ಣಗಾಯಿತು, ಗಂಟಲು ಕಟ್ಟಿತು, ಜಂಘಾಬಲ ಉಡುಗಿತು, ಕರುಳು ಕಿವುಚಿತು, ಎದೆ ಧಸಕ್ಕೆಂದಿತು. ಈ ಶರೀರಶಾಸ್ತ್ರವನ್ನು ಭಾಷೆ ಮೊದಲೇ ಬರೆದಿಟ್ಟಿದೆ, ಆದರೆ ಇವನ್ನೆಲ್ಲ ನಾವು ಅಲಂಕಾರವೆಂದುಕೊಂಡಿದ್ದೇವೆ.

ಇನ್ನು ಸಾಧನಗಳ ವಿಷಯ. ತೊಂದರೆಯನ್ನು ಆರಿಸಿದ ಮೇಲೆ ಸಂಕಟದ ಮಟ್ಟವನ್ನು ಸೊನ್ನೆಯಿಂದ ಹತ್ತರವರೆಗೆ ಗುರುತಿಸಲು ಉಷ್ಣಮಾಪಕದಂಥ ಚಿತ್ರ ಬರುತ್ತದೆ. ಬಳಿಕ ಆ್ಯಪು ಒಂದು ಅಭ್ಯಾಸವನ್ನು ಮುಂದಿಡುತ್ತದೆ. ಅದು ಮುಗಿದ ಮೇಲೆ ಮತ್ತೆ ಅಳೆಯಬಹುದು, ಹಿಡಿಸದಿದ್ದರೆ ಬೇರೊಂದನ್ನು ಕೇಳಬಹುದು, ಹಿಡಿಸಿದ್ದನ್ನು ಮೆಚ್ಚಿನ ಪಟ್ಟಿಗೆ ಸೇರಿಸಬಹುದು. ಈ ಮೊದಲು ಮತ್ತು ನಂತರದ ಅಳತೆ ಲೆಕ್ಕಿಗನಾದ ನನಗೆ ತುಂಬ ಒಗ್ಗಿತು. ಏಳರಿಂದ ಐದಕ್ಕೆ ಇಳಿದದ್ದು ಕಣ್ಣಿಗೆ ಕಾಣುತ್ತದೆ. ‘ಏನೂ ಆಗಿಲ್ಲ ಬಿಡಿ’ ಎಂಬ ಸಮಾಧಾನಕ್ಕಿಂತ ‘ಎರಡು ಇಳಿಯಿತು’ ಎಂಬ ಲೆಕ್ಕ ಹೆಚ್ಚು ಧೈರ್ಯ ಕೊಡುತ್ತದೆ.

ಸಾಧನಗಳಲ್ಲಿ ನಾನು ಅತಿ ಹೆಚ್ಚು ಬಳಸಿದ್ದು ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಬೆಳೆಸಿದ ವಿಧಾನವಿದು. ಮುಷ್ಟಿ, ತೋಳು, ಭುಜ, ಮುಖ, ಹೊಟ್ಟೆ, ಕಾಲು, ಹೀಗೆ ಪ್ರತಿಯೊಂದನ್ನು ಕೆಲವು ಸೆಕೆಂಡು ಬಿಗಿ ಹಿಡಿದು ಬಿಡಬೇಕು. ಬಿಗಿದ ಸ್ನಾಯು ಹೇಗಿರುತ್ತದೆಂದು ಬೇಕೆಂದೇ ಬಿಗಿದು ತಿಳಿದುಕೊಂಡರೆ ಮಾತ್ರ, ತಿಳಿಯದೆ ಬಿಗಿದುಕೊಂಡದ್ದು ಗೊತ್ತಾಗುತ್ತದೆ. ನನ್ನ ದವಡೆ ದಿನವಿಡೀ ಕಚ್ಚಿಕೊಂಡೇ ಇರುತ್ತಿತ್ತು ಎಂಬುದು ಹೀಗೆಯೇ ಅರಿವಿಗೆ ಬಂತು. ಮಲಗುವ ಮುನ್ನ ಹದಿನೈದು ನಿಮಿಷ, ಸುಮಾರು ಆರು ವಾರ ಮಾಡಿದ ಮೇಲೆ ಬೆಳಗಿನ ದವಡೆನೋವು ಬಹಳ ಕಡಿಮೆಯಾಯಿತು. ಕಳೆದ ತಿಂಗಳು ಸುಬ್ರಹ್ಮಣ್ಯಕ್ಕೆ ಹೋಗಲೇಬೇಕಾಗಿ ಬಂದು, ಮಾರನಹಳ್ಳಿ ದಾಟಿ ಇಳಿಯುವಾಗ ಅಳತೆ ಎಂಟಕ್ಕೆ ಹೋಗಿತ್ತು. ಕಾರಿನ ಆಸನದಲ್ಲೇ ಮುಷ್ಟಿ ಬಿಗಿದು ಬಿಡುತ್ತಾ ಹೋದಂತೆ ಗುಂಡ್ಯ ತಲುಪುವ ಹೊತ್ತಿಗೆ ಐದಕ್ಕೆ ಬಂತು. ಐದು ಎಂದರೆ ಸುಖವೇನಲ್ಲ, ಆದರೆ ಐದರಲ್ಲಿ ಮಾತನಾಡಬಹುದು, ದಾರಿಯಲ್ಲಿ ನಿಂತು ಚಹಾ ಕುಡಿಯಬಹುದು.

ಉಸಿರಾಟದ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ‘ದೀರ್ಘವಾಗಿ ಉಸಿರಾಡಿ’ ಎಂಬುದನ್ನು ನಾನು ‘ಜೋರಾಗಿ, ತುಂಬ ಗಾಳಿ ಎಳೆದುಕೊಳ್ಳಿ’ ಎಂದು ತಿಳಿದು ಮಾಡಿದಾಗ ಜೋಮು ಹೆಚ್ಚಾಯಿತು. ಕಾರಣ ಮೇಲೆ ಹೇಳಿದ್ದೇ, ಹೆಚ್ಚು ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಇಳಿಯುತ್ತದೆ. ಹೊಟ್ಟೆ ಉಬ್ಬುವಂತೆ ಮೆಲ್ಲಗೆ ಒಳಗೆ ತೆಗೆದುಕೊಂಡು, ಅದಕ್ಕಿಂತ ಉದ್ದವಾಗಿ ಹೊರಗೆ ಬಿಡಬೇಕು ಎಂದು ವೈದ್ಯರು ತಿದ್ದಿದ ಮೇಲೆ ಸರಿಹೋಯಿತು. ಪರದೆಯ ಮೇಲಿನ ಸೂಚನೆಯ ವೇಗಕ್ಕೆ ಹೊಂದಿಕೊಳ್ಳಲು ಒದ್ದಾಡುವ ಬದಲು ಕಣ್ಣು ಮುಚ್ಚಿ ತಮ್ಮ ಎಣಿಕೆಯಲ್ಲಿ ಮಾಡುವುದು ಹೆಚ್ಚು ಅನುಕೂಲ ಎಂಬುದು ನನ್ನ ಅನುಭವ.

ದೇಹವನ್ನು ತಲೆಯಿಂದ ಕಾಲಿನವರೆಗೆ ಗಮನಿಸುತ್ತಾ ಹೋಗುವ ಅಭ್ಯಾಸವೂ ಇದೆ. ಹಲವರಿಗೆ ಹಿತವೆನಿಸುವ ಈ ಅಭ್ಯಾಸ ನನಗೆ ಮೊದಲ ತಿಂಗಳುಗಳಲ್ಲಿ ಆಗಲಿಲ್ಲ. ಗಮನ ಎದೆಯ ಬಳಿ ಬಂದ ಕೂಡಲೇ ಅಲ್ಲಿಯೇ ನಿಂತುಬಿಡುತ್ತಿತ್ತು, ಆರು ಇದ್ದದ್ದು ಎಂಟಾಗುತ್ತಿತ್ತು. ಹೆದರಿಕೆಯೇ ದೇಹದಲ್ಲಿ ಮನೆ ಮಾಡಿರುವವರಿಗೆ ದೇಹದ ಮೇಲೆ ದೀಪ ಹಾಯಿಸುವುದು ಮೊದಲ ಹೆಜ್ಜೆಯಾಗಬೇಕಿಲ್ಲ. ಅಂಥವರಿಗೆ ಸುತ್ತಲಿನ ವಸ್ತುಗಳ ಕಡೆಗೆ ಗಮನ ತಿರುಗಿಸುವ ಅಭ್ಯಾಸ ಮೇಲು. ಕಾಣುವುದನ್ನು ಹೆಸರಿಸುವುದು, ಕೈಗೆ ಸಿಕ್ಕಿದ್ದನ್ನು ಮುಟ್ಟಿ ನೋಡುವುದು, ಪಾದದ ಕೆಳಗಿನ ನೆಲವನ್ನು ಒತ್ತುವುದು, ಇಷ್ಟೇ ಸಾಕು. ನಾನು ಮೇಜಿನ ಖಾನೆಯಲ್ಲಿ ಒಂದು ಹಿಡಿ ಹಸಿ ಕಾಫಿ ಬೀಜ ಇಟ್ಟುಕೊಂಡಿದ್ದೇನೆ. ಲಾರಿ ಬಂದಾಗ ಅದನ್ನು ಮುಷ್ಟಿಯಲ್ಲಿ ಹಿಡಿದು ಬೀಜದ ನಡುವಿನ ಸೀಳನ್ನು ಹೆಬ್ಬೆರಳಿನಿಂದ ಹುಡುಕುತ್ತೇನೆ.

ಹಿತವಾದ ದೃಶ್ಯಗಳನ್ನು ಕಲ್ಪಿಸಿಕೊಳ್ಳುವ ಧ್ವನಿಮುದ್ರಿಕೆಗಳಲ್ಲಿ ಕಡಲ ತೀರ, ಕಾಡು ಮತ್ತು ಹಳ್ಳಿಗಾಡಿನ ರಸ್ತೆಗಳಿವೆ. ರಸ್ತೆಯಲ್ಲೇ ಪೆಟ್ಟು ತಿಂದವನಿಗೆ ರಸ್ತೆಯನ್ನು ಹಿತವೆಂದು ಕಲ್ಪಿಸಿಕೊಳ್ಳಲು ಹೇಳುವುದರಲ್ಲಿ ಒಂದು ಬಗೆಯ ಮುಗ್ಧತೆಯಿದೆ. ಸ್ಫೂರ್ತಿದಾಯಕ ನುಡಿಗಳ ಭಾಗವನ್ನು ನಾನು ಎರಡನೆಯ ಸಲ ತೆರೆಯಲಿಲ್ಲ.

ಭಾಷೆಯೇ ದೊಡ್ಡ ಅಡ್ಡಿ. ಆ್ಯಪು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿದೆ. ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ಸ್ವೀಡನ್ ಮುಂತಾದ ದೇಶಗಳು ಇದನ್ನು ತಮ್ಮ ಜನಕ್ಕೆ ಹೊಂದುವಂತೆ ಬೇರೆಯಾಗಿ ರೂಪಿಸಿಕೊಂಡಿವೆ, ಕನ್ನಡದ ರೂಪವಿಲ್ಲ. ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ, ಲೆಕ್ಕಪತ್ರ ಬರೆಯುವುದೇ ಅದರಲ್ಲಿ. ಆದರೆ ಎದೆ ಡವಡವ ಎನ್ನುತ್ತಿರುವಾಗ ಅಮೆರಿಕದ ಉಚ್ಚಾರಣೆಯಲ್ಲಿ ಬರುವ ‘ನಿಮ್ಮ ಭುಜಗಳನ್ನು ಸಡಿಲಗೊಳಿಸಿ’ ಎಂಬರ್ಥದ ಮಾತು ಕಿವಿಯಿಂದ ಭುಜಕ್ಕೆ ಇಳಿಯುವ ಮೊದಲು ತಲೆಯಲ್ಲಿ ಅನುವಾದಗೊಳ್ಳಬೇಕಾಗುತ್ತದೆ. ಕೊನೆಗೆ ನನ್ನ ತಂಗಿ ಆ ಸೂಚನೆಗಳನ್ನು ನಮ್ಮ ಮನೆಮಾತಿಗೆ ತಿರುಗಿಸಿ, ಮೊಬೈಲಿನ ಧ್ವನಿಮುದ್ರಕದಲ್ಲಿ ಹನ್ನೊಂದು ನಿಮಿಷ ಓದಿ ಕೊಟ್ಟಳು. “ಅಣ್ಣಾ, ಈಗ ಹಲ್ಲು ಕಚ್ಚಿ ಹಿಡ್ಕೋ… ಈಗ ಬಿಟ್ಬಿಡು” ಎಂಬ ಆ ಧ್ವನಿ ಆ್ಯಪಿನ ಯಾವ ಧ್ವನಿಗಿಂತಲೂ ಬೇಗ ಕೆಲಸ ಮಾಡುತ್ತದೆ. ಈ ಸೌಲಭ್ಯ ಎಲ್ಲರಿಗೂ ಇರುವುದಿಲ್ಲ ಎಂಬುದು ಗೊತ್ತಿದೆ. ಕನ್ನಡದಲ್ಲಿ ಮಾತನಾಡಿಯೇ ಸಹಾಯ ಪಡೆಯಬೇಕೆನ್ನುವವರು ನೇರವಾಗಿ 14416ಕ್ಕೆ ಕರೆ ಮಾಡುವುದು ಉತ್ತಮ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿದೆ. ಹಗಲಿರುಳೂ ಉಚಿತವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಆ್ಯಪು ಕೇಳಿಸಿಕೊಳ್ಳಲಾರದ್ದನ್ನು, ಅಂದರೆ ‘ಎದೆ ಹಿಡಿದಿದೆ’ ಎಂಬ ನೇರ ಮಾತನ್ನು, ಅಲ್ಲಿ ಹಾಗೆಯೇ ಹೇಳಬಹುದು.

ಆ್ಯಪಿನ ಉಪಯೋಗಕ್ಕೆ ಪುರಾವೆ ಇದೆಯೇ ಎಂದು ಕೇಳುವವರಿಗೆ: 2017ರಲ್ಲಿ ಪ್ರಕಟವಾದ, 120 ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಇದನ್ನು ಮೂರು ತಿಂಗಳು ಬಳಸಿದವರ ಲಕ್ಷಣಗಳು, ಏನೂ ಸಿಗದೆ ಕಾಯುತ್ತಿದ್ದವರ ಲಕ್ಷಣಗಳಿಗಿಂತ ಹೆಚ್ಚು ಇಳಿದಿದ್ದವು. ಇಳಿಕೆ ಸಾಧಾರಣವಾದದ್ದು. ಇದು ಚಿಕಿತ್ಸೆಗೆ ಬದಲಿಯಲ್ಲವೆಂದು ತಯಾರಕರೂ ಹೇಳುತ್ತಾರೆ. ಈ ಕಾಯಿಲೆಗೆ ಗಟ್ಟಿ ಆಧಾರವಿರುವ ಚಿಕಿತ್ಸೆಗಳೆಂದರೆ ಆಘಾತದ ನೆನಪನ್ನೇ ತಜ್ಞರ ನೆರವಿನಿಂದ ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆಗಳು, ಅಗತ್ಯವಿದ್ದಲ್ಲಿ ಸರ್ಟ್ರಲಿನ್‌ನಂಥ ಔಷಧಗಳು. ನಾನು ಐದು ತಿಂಗಳು ನುಂಗಿದ ಬಗೆಯ, ಅಂದರೆ ಬೆಂಜೊಡಯಾಜಪೀನ್ ಗುಂಪಿನ, ನಿದ್ದೆಮಾತ್ರೆಗಳನ್ನು ಈ ಕಾಯಿಲೆಗೆ ಕೊಡಬಾರದೆಂದು, ಈ ಆ್ಯಪನ್ನು ತಯಾರಿಸಿದ ಇಲಾಖೆಯ ಚಿಕಿತ್ಸಾ ಮಾರ್ಗಸೂಚಿಯೇ ಹೇಳುತ್ತದೆ. ಹಾಗೆಂದು ಯಾರೂ ಅವನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ನನ್ನ ಅಂಕ 47ರಿಂದ ಈಗ 26ಕ್ಕೆ ಬಂದಿರುವುದರಲ್ಲಿ ಮಾತಿನ ಚಿಕಿತ್ಸೆಯ ಪಾಲೆಷ್ಟು, ಆ್ಯಪಿನ ಪಾಲೆಷ್ಟು ಎಂದು ಬೇರ್ಪಡಿಸಲು ಯಾವ ಲೆಕ್ಕಿಗನಿಂದಲೂ ಆಗದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದೇಹದ ನೋವಿಗೆ ಆಘಾತ ಕಾರಣವಿರಬಹುದು ಎಂಬ ತಿಳಿವಳಿಕೆ ‘ಎಲ್ಲ ನಿನ್ನ ಮನಸ್ಸಿನದೇ’ ಎಂಬ ಮೂದಲಿಕೆಯಾಗಿ ಬದಲಾಗಲು ಹೆಚ್ಚು ಹೊತ್ತು ಬೇಕಿಲ್ಲ. ವಿಯೆಟ್ನಾಂ ಯುದ್ಧದ ಕಾಲದ ಸೈನಿಕರಾಗಿದ್ದ ಅವಳಿ ಸೋದರರನ್ನು ಹಲವು ವರ್ಷ ಅನುಸರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಕಾಯಿಲೆಯಿದ್ದವರಲ್ಲಿ ಹೃದಯದ ರಕ್ತನಾಳಗಳ ರೋಗ ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಕಂಡುಬಂತು: ಶೇಕಡಾ 22.6 ಮತ್ತು ಶೇಕಡಾ 8.9. ಅಂದರೆ ಇಂದು ಪರೀಕ್ಷೆಯಲ್ಲಿ ಏನೂ ಕಾಣದ ಎದೆ ಮುಂದೆ ನಿಜವಾಗಿ ರೋಗಗ್ರಸ್ತವಾಗುವ ಸಾಧ್ಯತೆ ಈ ಕಾಯಿಲೆಯಿಲ್ಲದವರಿಗಿಂತ ಹೆಚ್ಚು. ಭೋಪಾಲದ ಉದಾಹರಣೆಯೂ ನಮ್ಮ ಮುಂದಿದೆ. 1984ರ ಡಿಸೆಂಬರ್ ಎರಡರ ನಡುರಾತ್ರಿ ಹರಡಿದ ವಿಷಾನಿಲದಿಂದ ಬದುಕುಳಿದವರು ಕಣ್ಣು, ಶ್ವಾಸಕೋಶಗಳ ನಿಜವಾದ ಹಾನಿಯನ್ನೂ ಆ ರಾತ್ರಿಯ ಭೀತಿಯನ್ನೂ ಒಂದೇ ದೇಹದಲ್ಲಿ ಹೊತ್ತುಕೊಂಡು ಚಿಕಿತ್ಸಾಲಯಗಳಿಗೆ ಬರುತ್ತಿದ್ದರು. ನಿಮ್ಹಾನ್ಸ್‌ನ ಆರ್. ಶ್ರೀನಿವಾಸ ಮೂರ್ತಿ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಸಾಮಾನ್ಯ ವೈದ್ಯರಿಗೇ ಮಾನಸಿಕ ನೋವನ್ನು ಗುರುತಿಸುವ ತರಬೇತಿ ಕೊಟ್ಟರು. ಶ್ವಾಸಕೋಶವನ್ನು ನೋಡುವ ವೈದ್ಯರೇ ಭಯವನ್ನೂ ವಿಚಾರಿಸಬೇಕೆಂಬ ಆ ಯೋಚನೆ ನಾನು ಅಲೆದ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ಇನ್ನೂ ತಲುಪಿಲ್ಲ. ಆದ್ದರಿಂದ, ಹೊಸದಾಗಿ ಎದೆನೋವು ಬಂದವರು ಆ್ಯಪ್ ತೆರೆಯಬಾರದು, ಮೊದಲು ಇಸಿಜಿ ಮಾಡಿಸಬೇಕು. ನನ್ನ ಪರೀಕ್ಷೆಗಳಿಗೆ ತಗುಲಿದ ಹಣದ ಬಗ್ಗೆ ನನಗೆ ಬೇಸರವಿಲ್ಲ. ಅವುಗಳ ಫಲಿತಾಂಶ ‘ನಾರ್ಮಲ್’ ಎಂದು ಬಂದ ಮೇಲೆ ವಿಚಾರಣೆ ಅಲ್ಲಿಗೇ ನಿಂತುಹೋಯಿತಲ್ಲ, ಬೇಸರ ಅದಕ್ಕೆ.

ಯಾರಿಗೆ ಈ ಆ್ಯಪು ಒದಗೀತು? ಇಂಗ್ಲಿಷ್ ಓದಲು ತಡವರಿಸದವರಿಗೆ, ಈಗಾಗಲೇ ವೈದ್ಯರ ಅಥವಾ ಆಪ್ತಸಮಾಲೋಚಕರ ಬಳಿ ಹೋಗುತ್ತಿರುವವರಿಗೆ, ಆ ಭೇಟಿಗಳ ನಡುವಿನ ರಾತ್ರಿಗಳನ್ನು ಕಳೆಯಬೇಕಾದವರಿಗೆ. ತಿಂಗಳಿಗೊಮ್ಮೆ ಪ್ರಶ್ನಾವಳಿ ತುಂಬಿ, ಅಂಕಗಳ ಏರಿಳಿತದ ನಕ್ಷೆಯನ್ನು ವೈದ್ಯರಿಗೆ ತೋರಿಸಿದರೆ ಹತ್ತು ನಿಮಿಷದ ಭೇಟಿಯಲ್ಲಿ ‘ಹೇಗಿದ್ದೀರಿ’ ಎಂಬುದಕ್ಕೆ ಐದು ನಿಮಿಷ ವ್ಯರ್ಥವಾಗುವುದಿಲ್ಲ. ಒಂಟಿಯಾಗಿದ್ದು, ಬದುಕು ಬೇಡವೆನಿಸುತ್ತಿರುವವರಿಗೆ ಇದು ಸಾಲದು, ಅವರು ಮನುಷ್ಯರ ಧ್ವನಿಯನ್ನೇ ಹುಡುಕಬೇಕು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕನ್ನಡವಿಲ್ಲದ್ದಕ್ಕೆ, ಅದು ತಯಾರಕರಿಗಿಂತ ಹೆಚ್ಚಾಗಿ ನಮ್ಮ ಕೊರತೆ. ಉಳಿದ ಅರ್ಧ ಅಂಕ ಆ ಪಟ್ಟಿಗೆ. ಇದರಲ್ಲಿರುವ ಒಳ್ಳೆಯ ಸಾಧನಗಳೆಲ್ಲ ಉಸಿರು, ಸ್ನಾಯು, ಸ್ಪರ್ಶಗಳ ಮೂಲಕ ಕೆಲಸ ಮಾಡುತ್ತವೆ. ಹಾಗಿದ್ದೂ ಒಳಗೆ ಹೋಗಲು ಮನಸ್ಸಿನ ಬಾಗಿಲೊಂದನ್ನೇ ತೆರೆದಿಟ್ಟಿದ್ದಾರೆ. ಸದ್ಯಕ್ಕೆ ನಾನು ಎದೆ ಹಿಡಿದಾಗಲೆಲ್ಲ ‘ಆತಂಕವಾಗಿದೆ’ ಎಂಬುದನ್ನೇ ಒತ್ತಿ ಒಳಗೆ ಹೋಗುತ್ತಿದ್ದೇನೆ.